ಹನ್ನೊಂದು ಸೆಂಟಿಮೀಟರಿನ ಸೂರ್ಯ

"ಟೀಚರ್, ಈ ಫೋಟೊ ತೆಗೆದವರು ಎಲ್ಲಿ ನಿಂತಿದ್ದರು?"

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಗೋಡೆಯ ಮೇಲಿನ ಸೌರವ್ಯೂಹದ ಚಿತ್ರಪಟವನ್ನು ತೋರಿಸಿ ಹೀಗೆ ಕೇಳಿದಾಗ ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಬುಧನಿಂದ ನೆಪ್ಚೂನ್‌ವರೆಗೆ ಎಂಟೂ ಹೆಸರುಗಳನ್ನು ಬಾಯಿಪಾಠ ಮಾಡಿಸಿ, ಪಾಠ ಮುಗಿಯಿತೆಂದು ಪುಸ್ತಕ ಮಡಚಿಟ್ಟವಳು ನಾನು. ಹಿಂದಿನ ಬೆಂಚಿನ ಹುಡುಗನ ತೊಂದರೆ ಇನ್ನೊಂದು. ಚಿತ್ರದಲ್ಲಿ ಗ್ರಹಗಳ ದಾರಿ ತೋರಿಸುವ ಬಿಳಿ ಗೆರೆಗಳಿದ್ದವಲ್ಲ, ಅವನ್ನು ಎರಡು ರಾತ್ರಿ ಆಕಾಶದಲ್ಲಿ ಹುಡುಕಿದ್ದನಂತೆ. ಒಂದೂ ಸಿಗಲಿಲ್ಲವಂತೆ.

ಅಂದಿನಿಂದ ಚಿತ್ರಪಟವನ್ನು ಎಲ್ಲಕ್ಕಿಂತ ಕೊನೆಗೆ ತೋರಿಸುತ್ತೇನೆ.

ಸೂರ್ಯನ ಪಾಠ ಈಗ ಮರದ ಕೆಳಗೆ ಶುರುವಾಗುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದು, ದುರ್ಬೀನು ಹಿಡಿದಂತೂ ಅರೆಕ್ಷಣವೂ ಕೂಡದು ಎಂದು ಮೊದಲೇ ಗಟ್ಟಿಯಾಗಿ ಹೇಳಿ, ನೆಲ ನೋಡಲು ಹೇಳುತ್ತೇನೆ. ಎಲೆಗಳ ನಡುವಿನ ಸಂದುಗಳೆಲ್ಲ ಸೊಟ್ಟಪಟ್ಟ. ಅವುಗಳಿಂದ ಇಳಿದ ಬಿಸಿಲಿನ ಮಚ್ಚೆಗಳು ಮಾತ್ರ ದುಂಡಗೆ. ಏಕೆ? ಉತ್ತರ ಹೇಳದೆ ರಟ್ಟು ಮತ್ತು ಸೂಜಿ ಕೊಡುತ್ತೇನೆ. ರಟ್ಟಿನಲ್ಲಿ ಸಣ್ಣ ತೂತು ಮಾಡಿ, ಒಂದು ಮೀಟರ್ ದೂರದಲ್ಲಿ ಬಿಳಿ ಹಾಳೆ ಹಿಡಿದರೆ ಸುಮಾರು 9 ಮಿಲಿಮೀಟರ್ ಅಗಲದ ಬೆಳಕಿನ ಬಿಲ್ಲೆ ಮೂಡುತ್ತದೆ. ತೂತನ್ನು ಪುಟ್ಟ ತ್ರಿಕೋನ ಮಾಡಿದರೂ ಬಿಲ್ಲೆ ದುಂಡಗೇ ಇರುತ್ತದೆ. ಹಾಗಾದರೆ ಅದು ತೂತಿನ ಆಕಾರವಲ್ಲ, ಸೂರ್ಯನದೇ ಚಿತ್ರ ಎಂದು ಯಾರಾದರೊಬ್ಬರು ಕೂಗಿಯೇ ಕೂಗುತ್ತಾರೆ. ಆ ಕೂಗಿಗಾಗಿ ಕಾಯುವಷ್ಟು ತಾಳ್ಮೆ ಬರಲು ನನಗೆ ಕೆಲವು ವರ್ಷಗಳೇ ಬೇಕಾದವು.

ಗ್ರಹಗಳ ಹೆಸರು ಕಲಿಸಲು ವಾರಗಳೇ ಸಾಕು. ಮಂಗಳ, ಬುಧ, ಗುರು, ಶುಕ್ರ, ಶನಿ ಮಕ್ಕಳ ಬಾಯಲ್ಲಿ ಮೊದಲೇ ಇವೆ. ಭಾನು ಸೂರ್ಯ, ಸೋಮ ಚಂದ್ರ. ಒಮ್ಮೆ ಒಬ್ಬ ಕೇಳಿದ: "ಭೂಮಿಗೇಕೆ ವಾರ ಇಲ್ಲ?" ಇಂಥ ಪ್ರಶ್ನೆಗೆ ಆ ದಿನದ ಪಾಠವನ್ನೇ ಬಿಟ್ಟುಕೊಡಬಹುದು. ಬರಿಗಣ್ಣಿಗೆ ಕಾಣುವ, ನಕ್ಷತ್ರಗಳ ನಡುವೆ ದಿನದಿನಕ್ಕೆ ಜಾಗ ಬದಲಿಸುವ ಏಳು ಕಾಯಗಳಿಗೆ ಏಳು ವಾರ. ಭೂಮಿಯ ಮೇಲೆ ನಿಂತೇ ನೋಡುತ್ತಿದ್ದವರಿಗೆ ಅದೂ ಒಂದು ಗ್ರಹವೆಂದು ಹೊಳೆಯುವುದಾದರೂ ಹೇಗೆ? ಯುರೇನಸ್ ಅನ್ನು ವಿಲಿಯಂ ಹರ್ಷೆಲ್ ದೂರದರ್ಶಕದಲ್ಲಿ ಗುರುತಿಸಿದ್ದು 1781ರಲ್ಲಿ. ನೆಪ್ಚೂನ್ ಕಂಡಿದ್ದು 1846ರಲ್ಲಿ, ಅದೂ ಎಲ್ಲಿ ಹುಡುಕಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆ. ಅವು ಬರುವಷ್ಟರಲ್ಲಿ ವಾರಗಳೆಲ್ಲ ಹಂಚಿಹೋಗಿದ್ದವು. ಪ್ಲೂಟೊ ವಿಷಯ ಕೇಳುವವರು ಮಕ್ಕಳಲ್ಲ, ಪಾಲಕರು. 2006ರಲ್ಲಿ ಅದನ್ನು ಕುಬ್ಜ ಗ್ರಹವೆಂದು ವರ್ಗೀಕರಿಸಿದ್ದು ಅವರಿಗೆ ಇನ್ನೂ ಸಮಾಧಾನವಿಲ್ಲ.

ಇಷ್ಟಾದ ಮೇಲೆ ಮೈದಾನ. ಮೊದಲ ಸಲ ಫುಟ್‌ಬಾಲನ್ನು ಸೂರ್ಯ ಮಾಡಿ ಕೆಟ್ಟೆ. ಮಂಗಳನವರೆಗೆ ಹೇಗೋ ಸಾಗಿತು, ಗುರುಗ್ರಹ ಹಿಡಿದವಳಿಗೆ 120 ಮೀಟರ್ ಆಚೆ ಹೋಗಬೇಕಿತ್ತು, ಕಾಂಪೌಂಡ್ ಅಡ್ಡ ಬಂತು. ಮಕ್ಕಳ ಹೆಜ್ಜೆಯಲ್ಲಿ ಅಳೆದಿದ್ದರಿಂದ ಶುಕ್ರ ಬುಧನಿಗಿಂತ ಹತ್ತಿರ ಬಂದು ನಿಂತಿದ್ದು ಬೇರೆ.

ಈಗ 11 ಸೆಂಟಿಮೀಟರ್ ಅಗಲದ ಚೆಂಡು, ಸುಮಾರು 12 ಮೀಟರಿನ ಹಗ್ಗ. ನಿಜವಾದ 15 ಕೋಟಿ ಕಿಲೋಮೀಟರಿಗೆ ಒಂದು ಹಗ್ಗ. ಸೂರ್ಯನ ಅಗಲ ಭೂಮಿಯ 109 ಪಟ್ಟು, ಆದ್ದರಿಂದ ಭೂಮಿ ಬರೀ ಒಂದು ಮಿಲಿಮೀಟರ್. ಅಳತೆಪಟ್ಟಿಯ ಪಕ್ಕದಲ್ಲಿ ಜೇಡಿಮಣ್ಣನ್ನು ಬೆರಳ ತುದಿಯಲ್ಲಿ ಉರುಳಿಸಿ ಆ ಭೂಮಿಯನ್ನು ಮಾಡುವುದಕ್ಕೇ ಅರ್ಧ ಗಂಟೆ ಬೇಕು. ಒಬ್ಬಳು ಸೀನಿದಳು, ಭೂಮಿ ಹಾರಿಹೋಯಿತು. ಆಮೇಲಿಂದ ರಟ್ಟಿಗೆ ಅಂಟಿಸುತ್ತೇವೆ. ಚಂದ್ರ ಅಲ್ಲಿಂದ 3 ಸೆಂಟಿಮೀಟರ್ ದೂರದಲ್ಲಿ ಒಂದು ಧೂಳಿನ ಕಣ. ಬುಧನಿಗೆ ಪೆನ್ನಿನ ಚುಕ್ಕೆ ಸಾಕು. ಗುರು 11 ಮಿಲಿಮೀಟರಿನ ಗುಂಡು; ಶನಿ ಅದಕ್ಕಿಂತ ತುಸು ಚಿಕ್ಕದು, ಸುತ್ತ ಕಾಗದದ ಉಂಗುರ. ಶನಿ ಎಂಬ ಹೆಸರನ್ನು ಬೈಗುಳವಾಗಿ ಮಾತ್ರ ಕೇಳಿದ್ದವರು ಉಂಗುರ ಕತ್ತರಿಸುವ ಕೆಲಸಕ್ಕೆ ಜಗಳವಾಡುತ್ತಾರೆ.

ಹಗ್ಗದ ತುದಿಯಲ್ಲಿ, ಭೂಮಿಯ ಜಾಗದಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸುತ್ತೇನೆ. ತೋಳು ನೀಡಿ ಕಿರುಬೆರಳನ್ನು ಚೆಂಡಿಗೆ ಅಡ್ಡ ಹಿಡಿಯಬೇಕು. ಚೆಂಡು ಬೆರಳಿನ ಅರ್ಧ ಅಗಲಕ್ಕೆ ಮುಚ್ಚಿಹೋಗುತ್ತದೆ. ಆಕಾಶದ ಸೂರ್ಯನೂ ನಮಗೆ ಕಾಣುವುದು ಇಷ್ಟೇ ಗಾತ್ರದಲ್ಲಿ. ಅದನ್ನು ಕಣ್ಣಾರೆ ಅಳೆಯುವಂತಿಲ್ಲವಲ್ಲ, ಹುಣ್ಣಿಮೆಯ ಚಂದ್ರನಿಗೆ ಬೆರಳು ಹಿಡಿದು ನೋಡಿ ಬನ್ನಿ ಎನ್ನುತ್ತೇನೆ. ಅದೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತದೆ.

ಗುರು ಐದು ಹಗ್ಗದಾಚೆ, ಮೈದಾನದ ಅಂಚಿಗೆ. ಶನಿ ಗೇಟಿನ ಹೊರಗೆ, ಒಂಬತ್ತೂವರೆ ಹಗ್ಗ. ಯುರೇನಸ್ ಹತ್ತೊಂಬತ್ತು, ನೆಪ್ಚೂನ್ ಮೂವತ್ತು. ಅಷ್ಟು ದೂರ ಎಲ್ಲರನ್ನೂ ಕರೆದೊಯ್ಯಲು ಇನ್ನಿಬ್ಬರು ಶಿಕ್ಷಕರನ್ನು ಕಾಡಿಬೇಡಿ ಜೊತೆಗೆ ಹೊರಡಿಸುತ್ತೇನೆ. ಮೂವತ್ತನೆಯ ಹಗ್ಗದಿಂದ ಹಿಂದಿರುಗಿ ನೋಡಿದರೆ ಸೂರ್ಯ ಒಂದು ಚುಕ್ಕೆ. ಅಲ್ಲಿ ಚಳಿಯೇಕೆ ಎಂದು ನಾನು ವಿವರಿಸಬೇಕಾಗಿಲ್ಲ. ವಿವರಿಸಬೇಕಾದದ್ದು ಶುಕ್ರನ ಬಗ್ಗೆ: ಸೂರ್ಯನಿಗೆ ಹತ್ತಿರದ ಬುಧನೇ ಎಲ್ಲಕ್ಕಿಂತ ಬಿಸಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ದಟ್ಟವಾದ ಇಂಗಾಲದ ಡೈಆಕ್ಸೈಡ್ ಹೊದ್ದ ಶುಕ್ರನ ಮೇಲ್ಮೈ 460 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಆಟ 'ಬೆಳಕಾಗಿ ನಡೆಯುವುದು'. ಬೆಳಕು ಸೂರ್ಯನಿಂದ ಭೂಮಿಗೆ ಬರಲು 8 ನಿಮಿಷ 20 ಸೆಕೆಂಡು ಬೇಕು. ನಮ್ಮ ಹಗ್ಗದ ಮೇಲೆ ಅದೇ ಹೊತ್ತು ಹಿಡಿಯಬೇಕೆಂದರೆ ಸೆಕೆಂಡಿಗೆ ಎರಡು ಸೆಂಟಿಮೀಟರ್ ಚಿಲ್ಲರೆ. ಎಂಟೂವರೆ ಸೆಕೆಂಡಿಗೆ ಒಂದು ಪಾದ. ಓಟದಲ್ಲಿ ಸದಾ ಮೊದಲು ಬರುವ ಹುಡುಗನೇ ಬೆಳಕಾಗುತ್ತೇನೆಂದು ಬಂದ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂದೊಂದೇ ಪಾದ ಇಡುತ್ತಾ ಮೂರನೇ ನಿಮಿಷಕ್ಕೆ ಬುಧನ ಬಳಿ ಬಂದವನು, "ಜಗತ್ತಿನಲ್ಲಿ ಇದಕ್ಕಿಂತ ಬೇಗ ಹೋಗುವುದು ಯಾವುದೂ ಇಲ್ಲವೇ?" ಎಂದು ಅಳುಮುಖ ಮಾಡಿದ. ಇಲ್ಲ ಎಂದೆ. ನೆಪ್ಚೂನ್‌ವರೆಗೆ ನಾಲ್ಕು ಗಂಟೆ ದಾಟುತ್ತದೆ ಎಂದಾಗ ಯಾರೂ ಕೈ ಎತ್ತಲಿಲ್ಲ.

ಕಳೆದ ಸಲ ಹಗ್ಗ ಹಿಡಿಯುವ ಕೆಲಸ, ಆಕಾಶದಲ್ಲಿ ಗೆರೆ ಹುಡುಕಿದ ಅದೇ ಹುಡುಗನದು. ನೆಪ್ಚೂನ್ ಆದಮೇಲೆ ಎಲ್ಲರೂ ತಿರುಗಿ ನಡೆದರೂ ಅವನು ಅಲ್ಲೇ ನಿಂತಿದ್ದ. ಮುಂದಿನ ನಕ್ಷತ್ರಕ್ಕೆ ಎಷ್ಟು ಹಗ್ಗ ಎಂದು ಕೇಳಿದ. ಪ್ರಾಕ್ಸಿಮಾ ಸೆಂಟಾರಿಗೆ ಸುಮಾರು 2 ಲಕ್ಷ 68 ಸಾವಿರ ಹಗ್ಗ, ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಎಂದೆ. ಕೈಯಲ್ಲಿದ್ದ ಹಗ್ಗವನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿ, ಮಾತಿಲ್ಲದೆ ಹಗ್ಗ ಸುತ್ತತೊಡಗಿದ.