ಡಬ್ಬ ಎಸೆದವರಿಗೆ ರಿಟರ್ನ್ ದುಬಾರಿ

ಸಂಗೀತದ ಕೀಬೋರ್ಡ್ ಮನೆಗೆ ಬಂದ ದಿನವೇ ಅದರ ಡಬ್ಬ ಹರಿದು ಎಸೆದೆ. ಅಷ್ಟೊಂದು ಜಾಗ ತಿನ್ನುವ ರಟ್ಟಿನ ಪೆಟ್ಟಿಗೆ ಯಾಕೆ ಸುಮ್ನೆ ಇಟ್ಟುಕೊಳ್ಳುವುದು ಅನ್ನಿಸಿತ್ತು.

ಅದು 88 ಕೀಗಳ ಡಿಜಿಟಲ್ ಪಿಯಾನೊ. ವಿಡಿಯೊಗಳನ್ನು ನೋಡಿ, ಕೊಂಡವರ ಅಭಿಪ್ರಾಯ ಓದಿ ಆನ್‌ಲೈನ್‌ನಲ್ಲಿ ತರಿಸಿದ್ದೆ. ಸದ್ದಿನ ಬಗ್ಗೆ ನನ್ನ ತಕರಾರೇ ಇರಲಿಲ್ಲ. ಆದರೆ ಕೀಗಳು ಬೆರಳಿಗೆ ಭಾರ. ಅರ್ಧ ಗಂಟೆ ನುಡಿಸಿದರೆ ಮಣಿಕಟ್ಟು ನೋಯುತ್ತಿತ್ತು. ವಿಡಿಯೊದಲ್ಲಿ ಸದ್ದು ಕೇಳಿಸುತ್ತದೆ, ಕೀಯ ಭಾರ ಗೊತ್ತಾಗುವುದಿಲ್ಲ ಅಲ್ವಾ? ನಾಲ್ಕು ದಿನ ಒದ್ದಾಡಿ, ವಾಪಸ್ ಕಳಿಸೋಣ ಅಂತ ತೀರ್ಮಾನ ಮಾಡಿದೆ.

ಮಾರಾಟದ ಪುಟದಲ್ಲಿ 'ಸುಲಭ ರಿಟರ್ನ್' ಎಂದು ದಪ್ಪ ಅಕ್ಷರದಲ್ಲಿತ್ತು. ಸುಲಭ ಅಂದರೆ ಉಚಿತ ಎಂದು ನಾನೇ ಓದಿಕೊಂಡಿದ್ದೆ. ನಿಯಮಗಳ ಪುಟ ತೆರೆದಾಗ ಗೊತ್ತಾಯಿತು: ಮಾಲಿನಲ್ಲಿ ದೋಷವಿದ್ದರೆ ಕಳಿಸುವ ಖರ್ಚು ಅವರದು, ಮನಸ್ಸು ಬದಲಾದರೆ ನನ್ನದು. ಕೀ ಭಾರ ಅನ್ನಿಸಿದ್ದು ದೋಷವಲ್ಲ, ನನ್ನ ಬೆರಳಿನ ಕಥೆ. ಸರಿ, ಕೊಡೋಣ, ಎಷ್ಟಾದೀತು ಅಂದುಕೊಂಡೆ.

ಈಗ ಡಬ್ಬ ಬೇಕಲ್ಲ. ಎರಡು ಹಳೇ ಪೆಟ್ಟಿಗೆ ತಂದು, ಒಂದರ ಬಾಯಿಗೆ ಇನ್ನೊಂದನ್ನು ತೂರಿಸಿ, ನಡುವೆ ಟೇಪ್ ಸುತ್ತಿದೆ. ಮೂಲ ಡಬ್ಬದಲ್ಲಿ ವಾದ್ಯದ ಎರಡು ತುದಿಗೂ ಅಚ್ಚಿನಂತೆ ಕೂರುವ ಥರ್ಮಾಕೋಲ್ ಇತ್ತು, ಅದೂ ಕಸಕ್ಕೆ ಹೋಗಿತ್ತು. ಅದರ ಬದಲಿಗೆ ಹಳೇ ದಿಂಬು, ಕಾಗದದ ಉಂಡೆ, ಬಬಲ್ ರ್‍ಯಾಪ್ ತುರುಕಿದೆ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ನೋಡಲು ಹೆಬ್ಬಾವು ಏನನ್ನೋ ನುಂಗಿದ ಹಾಗಿತ್ತು.

ಕೊರಿಯರ್ ಕೌಂಟರ್‌ನಲ್ಲಿದ್ದ ಹುಡುಗ ಅದನ್ನು ತಕ್ಕಡಿ ಮೇಲೆ ಇಡಲೇ ಇಲ್ಲ. ಮೊದಲು ಅಳತೆ ಟೇಪ್ ತೆಗೆದ. ಉದ್ದ, ಅಗಲ, ಎತ್ತರ ಬರೆದುಕೊಂಡ. ಉಬ್ಬಿದ್ದ ಜಾಗದಲ್ಲೇ ಟೇಪ್ ಹಿಡಿದ. "ತೂಕ ನೋಡಲ್ವಾ?" ಅಂದೆ. "ನೋಡ್ತೀನಿ, ಆದರೆ ಇದರಲ್ಲಿ ಲೆಕ್ಕ ಬರೋದು ಅಳತೇದೇ" ಅಂದ.

ಇದೇ ನನಗೆ ಗೊತ್ತಿಲ್ಲದೆ ಇದ್ದ ವಿಷಯ. ಪಾರ್ಸೆಲ್ ಹಗುರವಾಗಿ ದೊಡ್ಡದಾಗಿದ್ದರೆ, ಅದು ವಾಹನದಲ್ಲಿ ಹಿಡಿಯುವ ಜಾಗಕ್ಕೆ ದುಡ್ಡು ಕೇಳುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ, 5000ದಿಂದ ಭಾಗಿಸುವುದು ಬಹಳ ಕಡೆ ಇರುವ ಲೆಕ್ಕ. ಕೆಲವರು ಬೇರೆ ಸಂಖ್ಯೆಯಿಂದ ಭಾಗಿಸುತ್ತಾರೆ. ಹಾಗೆ ಬಂದ ಕಿಲೊ ಮತ್ತು ತಕ್ಕಡಿಯ ಕಿಲೊ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು.

ನನ್ನ ಹೆಬ್ಬಾವಿನ ಅಳತೆ 150, 45, 35. ಗುಣಿಸಿದರೆ 2,36,250. 5000ದಿಂದ ಭಾಗಿಸಿದರೆ 47 ಕಿಲೊ ಚಿಲ್ಲರೆ. ತಕ್ಕಡಿಯಲ್ಲಿ ಅದು ತೂಗಿದ್ದು 17 ಕಿಲೊ! ಮೂಲ ಡಬ್ಬದ ಅಳತೆ ಆಮೇಲೆ ಮಾರಾಟದ ಪುಟದಲ್ಲಿ ಹುಡುಕಿದೆ: 140, 40, 25. ಅಂದರೆ 28 ಕಿಲೊ. ಡಬ್ಬ ಎಸೆದಿದ್ದಕ್ಕೆ, ಇಲ್ಲದ 19 ಕಿಲೊಗೆ ಬಾಡಿಗೆ ಕೊಟ್ಟ ಹಾಗಾಯಿತು. ಅದರ ಮೇಲೆ ಉದ್ದದ ಪಾರ್ಸೆಲ್ ಅಂತ ಬೇರೆ ಒಂದಿಷ್ಟು ಸೇರಿಸಿದರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ವಾಪಸ್ ಬಂದ ಹಣದಲ್ಲಿ, ಮೊದಲು ನನಗೆ 'ಉಚಿತ'ವಾಗಿ ತಲುಪಿಸಿದ್ದರಲ್ಲ, ಆ ಸಾಗಣೆಯ ಖರ್ಚನ್ನೂ ಹಿಡಿದುಕೊಂಡಿದ್ದರು. ಮೂಲ ಪ್ಯಾಕಿಂಗ್ ಇಲ್ಲ ಅಂತ ಇನ್ನೊಂದು ಕಡಿತ. ಜಗಳ ಆಡೋಣ ಅಂದರೆ ಎರಡೂ ನಿಯಮಗಳ ಪುಟದಲ್ಲೇ ಇದ್ದವು. ಓದದೆ ಟಿಕ್ ಹಾಕಿದ್ದು ನಾನು. ಸಿಟ್ಟು ಯಾರ ಮೇಲೆ ತೋರಿಸುವುದು?

ಫೋನಿನಲ್ಲಿ ಮಾತಾಡುವಾಗ ಮಾರಾಟದವರು ಒಂದು ಮಾತು ಹೇಳಿದರು. ಖರ್ಚು ಗ್ರಾಹಕರದೇ ಆದರೂ ರಿಟರ್ನ್ ಲೇಬಲ್ (ಡಬ್ಬದ ಮೇಲೆ ಅಂಟಿಸಿ ಕಳಿಸುವ ಕೊರಿಯರ್ ಚೀಟಿ) ಅವರಿಂದ ಕೇಳಿ ಪಡೆಯಬಹುದಿತ್ತಂತೆ. ದಿನಕ್ಕೆ ನೂರಾರು ಪಾರ್ಸೆಲ್ ಕಳಿಸುವವರಿಗೆ ಕೊರಿಯರ್‌ನವರು ಕೊಡುವ ದರವೇ ಬೇರೆ. ಆ ದರವನ್ನು ವಾಪಸ್ ಹಣದಲ್ಲಿ ಮುರಿದುಕೊಳ್ಳುತ್ತಾರೆ, ಅಷ್ಟೇ. ಕೌಂಟರಿಗೆ ಒಬ್ಬರೇ ಹೋಗಿ ನಿಂತವರಿಗೆ ಆ ದರ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಬಾರದಿತ್ತೇ ಅಂದರೆ, ನೀವು ಕೇಳಲಿಲ್ಲವಲ್ಲ ಅಂದರು.

ಎರಡನೇ ಪಾಠ ಚಿಕ್ಕ ಡಬ್ಬದ್ದು. ಕಂಪ್ಯೂಟರಿಗೆ ಹಾಡು ರೆಕಾರ್ಡ್ ಮಾಡಲು ಒಂದು ಆಡಿಯೊ ಇಂಟರ್‌ಫೇಸ್ ತರಿಸಿದೆ. ಈ ಸಲ ಡಬ್ಬ, ಪ್ಲಾಸ್ಟಿಕ್ ಚೀಲ, ತಂತಿ ಕಟ್ಟುವ ಟ್ಯಾಗ್ ಕೂಡ ಎತ್ತಿಟ್ಟೆ. ಜೋಡಿಸಿ ಸ್ಪೀಕರ್ ಹಾಕಿದ ಕೂಡಲೇ 'ಗುಂಯ್' ಎಂಬ ಸದ್ದು. ಪ್ಲಗ್ ಬದಲಿಸಿದೆ, ಕೇಬಲ್ ಬದಲಿಸಿದೆ, ಹೋಗಲಿಲ್ಲ. ಮಾಲು ಕೆಟ್ಟಿದೆ ಅಂತ ಖಾತ್ರಿಯಾಯಿತು. ರಿಟರ್ನ್ ಕಾರಣದಲ್ಲಿ 'ದೋಷ' ಆರಿಸಿದೆ. ಉಚಿತ ಲೇಬಲ್ ಬಂತು, ಕಳಿಸಿದೆ, ನೆಮ್ಮದಿಯಾಗಿ ಮಲಗಿದೆ.

ಎರಡು ವಾರದ ಮೇಲೆ ಅದೇ ಡಬ್ಬ ನನ್ನ ಬಾಗಿಲಿಗೆ ಬಂತು. ಒಳಗೆ ಒಂದು ಚೀಟಿ: 'ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ.' ಹೋಗಿದ್ದಕ್ಕೂ ಬಂದಿದ್ದಕ್ಕೂ ಖರ್ಚು ನನ್ನ ತಲೆಗೆ. ಪರೀಕ್ಷೆ ಮಾಡಿಯೇ ಇಲ್ಲ, ಸುಳ್ಳು ಅಂತ ಉರಿದುಬಿದ್ದೆ. ಮತ್ತೆ ಜೋಡಿಸಿದೆ. ಗುಂಯ್!

ಒಂದು ರಾತ್ರಿ ಎದ್ದು ಹೋಗುವಾಗ ಕಾಲಿಗೆ ಲ್ಯಾಪ್‌ಟಾಪ್ ಚಾರ್ಜರ್‌ನ ವೈರು ಸಿಕ್ಕಿಕೊಂಡು ಪ್ಲಗ್ ಕಿತ್ತು ಬಂತು. ಗುಂಯ್ ನಿಂತಿತು. ಚುಚ್ಚಿದೆ, ಶುರುವಾಯಿತು. ಕಿತ್ತೆ, ನಿಂತಿತು. ನಾಲ್ಕೈದು ಸಲ ಹಾಗೇ ಮಾಡುತ್ತಾ ನೆಲದ ಮೇಲೆ ಕೂತಿದ್ದೆ. ಚಾರ್ಜರ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯ ಸಾಕೆಟ್‌ನಲ್ಲಿ. ಎರಡೂ ಕಡೆಯ ಅರ್ಥಿಂಗ್ ಆಡಿಯೊ ಕೇಬಲ್ ಮೂಲಕ ಸುತ್ತು ಹಾಕಿಕೊಂಡಿತ್ತು. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಸ್ಪೀಕರಿಗೆ ಇಂಥ ಸದ್ದನ್ನು ತಡೆಯುವ ಬ್ಯಾಲೆನ್ಸ್‌ಡ್ ಕೇಬಲ್ ಜೋಡಿಸಿದ ಮೇಲೆ ಸದ್ದು ಪೂರ್ತಿ ಹೋಯಿತು. (ಅರ್ಥ್ ಪಿನ್ ಮುರಿದು ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಶಾಕ್ ಹೊಡೆಯದ ಹಾಗೆ ಕಾಯುವುದೇ ಆ ಪಿನ್ನು.) ಚೀಟಿಯಲ್ಲಿದ್ದದ್ದು ನಿಜವೇ ಆಗಿತ್ತು.

ಅಂದಿನಿಂದ ಏನೇ ಸದ್ದು ಬಂದರೂ ಮೊದಲು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡುತ್ತೇನೆ. ಬೇರೆ ಕೇಬಲ್, ಬೇರೆ ಕಂಪ್ಯೂಟರ್, ಬೇರೆ ಮನೆ. ಸ್ನೇಹಿತರ ಮನೆಯಲ್ಲೂ ಅದೇ ತೊಂದರೆ ಬಂದರೆ ಮಾತ್ರ 'ದೋಷ' ಅಂತ ಬರೆಯುತ್ತೇನೆ. ಜೊತೆಗೆ ಸದ್ದಿನ ರೆಕಾರ್ಡಿಂಗ್ ಕಳಿಸುತ್ತೇನೆ. 'ಸರಿಯಾಗಿ ಕೆಲಸ ಮಾಡುತ್ತಿಲ್ಲ' ಎಂದಷ್ಟೇ ಬರೆದರೆ ಪರೀಕ್ಷೆ ಮಾಡುವವರಿಗೂ ಏನು ಹುಡುಕಬೇಕು ಅಂತ ಗೊತ್ತಾಗುವುದಿಲ್ಲ.

ಇಂಟರ್‌ಫೇಸ್ ಜೊತೆ ಬರುವ ಸಾಫ್ಟ್‌ವೇರ್ ಕೋಡ್ ಬಗ್ಗೆಯೂ ಹುಷಾರು. ಅದನ್ನು ಒಮ್ಮೆ ನೋಂದಾಯಿಸಿದರೆ ವಾಪಸ್ ತಗೊಳ್ಳಲು ತಕರಾರು ಮಾಡುವವರು ಇದ್ದಾರೆ. ಕಿವಿಯೊಳಗೆ ಹಾಕುವ ಇಯರ್‌ಫೋನ್, ಬಾಯಿಗಿಟ್ಟು ನುಡಿಸುವ ರೀಡ್, ತೆರೆದ ತಂತಿ ಪ್ಯಾಕೆಟ್ ಇವೆಲ್ಲ ಸಾಮಾನ್ಯವಾಗಿ ವಾಪಸ್ ಆಗುವುದೇ ಇಲ್ಲ. ಬೇರೆ ದೇಶದಿಂದ ತರಿಸಿದ್ದಾದರೆ ಸಾಗಣೆಯ ಜೊತೆಗೆ ಕಸ್ಟಮ್ಸ್ ಸುಂಕದ ಕಾಗದಪತ್ರವೂ ಸೇರಿಕೊಳ್ಳುತ್ತದೆ. ನಾನು ಆ ಗೋಜಿಗೇ ಹೋಗುವುದಿಲ್ಲ.

ಮೂರನೆಯದು ಅಕೌಸ್ಟಿಕ್ ಗಿಟಾರ್. ಡಬ್ಬದ ಒಂದು ಮೂಲೆ ಜಜ್ಜಿಹೋಗಿತ್ತು. ತೆರೆಯುವ ಮೊದಲೇ ಆರೂ ಬದಿಯ ಫೋಟೊ ತೆಗೆದೆ. ಟೇಪ್ ಕತ್ತರಿಸುವುದರಿಂದ ಗಿಟಾರ್ ಹೊರಗೆ ತೆಗೆಯುವವರೆಗೆ ನಿಲ್ಲಿಸದೆ ವಿಡಿಯೊ ಮಾಡಿದೆ. ತಂತಿಯ ಶ್ರುತಿ ಕೂಡಿಸಲು ತಿರುಗಿಸುವ ಒಂದು ಟ್ಯೂನಿಂಗ್ ಕೀಯ ಹಿಡಿ ಮುರಿದಿತ್ತು. ಹಿಡಿ ಮುರಿಯುವಷ್ಟು ಜೋರಾಗಿ ಬಿದ್ದಿದ್ದರೆ ತಲೆಯ ಭಾಗದಲ್ಲೂ ಬಿರುಕು ಇರಬಹುದು. ತಲೆ ಹಿಂದಕ್ಕೆ ಬಾಗಿರುವ ಗಿಟಾರ್‌ಗಳು ಬೆನ್ನ ಮೇಲೆ ಬಿದ್ದರೆ ಮೊದಲು ಹೋಗುವುದು ಅಲ್ಲೇ. ತಂತಿಗಳ ಎಳೆತವೂ ಅದಕ್ಕೆ ಸೇರಿಕೊಳ್ಳುತ್ತದೆ. ಟಾರ್ಚ್ ಅಡ್ಡಡ್ಡ ಹಿಡಿದು, ಕತ್ತು ಸೇರುವ ಜಾಗ, ತಂತಿಗಳ ಕೆಳತುದಿ ಕೂರುವ ಸೇತುವೆ (ಬ್ರಿಜ್) ಅಂಟಿದ ಜಾಗ ಎಲ್ಲ ನೋಡಿದೆ. ಬೆರಳ ಗಂಟಿನಿಂದ ಹೊಟ್ಟೆಯ ಮೇಲೆ ತಟ್ಟಿ ಕೇಳಿದೆ. ಎಲ್ಲೂ ಕಿರುಗುಟ್ಟಲಿಲ್ಲ.

ಹಳೇ ನಾನಾಗಿದ್ದರೆ ಸೀದಾ ರಿಟರ್ನ್ ಒತ್ತುತ್ತಿದ್ದೆ. ಈಗ ಫೋಟೊ ಹಾಕಿ ಹೀಗೆ ಬರೆದೆ: "ಉಳಿದದ್ದೆಲ್ಲ ಸರಿಯಿದೆ. ಬದಲಿ ಟ್ಯೂನಿಂಗ್ ಕೀ ಕಳಿಸಿದರೆ ನಾನೇ ಹಾಕಿಕೊಳ್ಳುತ್ತೇನೆ." ಅವತ್ತೇ ಒಪ್ಪಿಕೊಂಡರು. ಒಪ್ಪದೆ ಏನು? ಗಿಟಾರ್ ಡಬ್ಬ ಎರಡು ಕಡೆ ಓಡಾಡುವ ಖರ್ಚು ಈ ಸಲ ಅವರದು, ಅದೂ ಅಳತೆಯ ಲೆಕ್ಕದಲ್ಲಿ. ಚಿಕ್ಕ ಲಕೋಟೆಯಲ್ಲಿ ಕೀ ಬಂತು. ಮುಂದೆ ಒಂದು ನಟ್ಟು, ಹಿಂದೆ ಒಂದು ಸ್ಕ್ರೂ, ಹತ್ತು ನಿಮಿಷದ ಕೆಲಸ. ಬಿರುಕು ಕಂಡಿದ್ದರೆ ಮಾತ್ರ ಈ ರಾಜಿಗೆ ಒಪ್ಪುತ್ತಿರಲಿಲ್ಲ.

ಡಿಜಿಟಲ್ ಪಿಯಾನೊ ಇನ್ನೊಂದು ಕೊಂಡೆ, ಕೀ ಹಗುರವಾಗಿರುವಂಥದ್ದು. ಈ ಸಲ ಹಣ ಕೊಡುವ ಮೊದಲೇ ಡಬ್ಬದ ಅಳತೆ ಹುಡುಕಿ, ರಿಟರ್ನ್ ಲೇಬಲ್ ದರ ಎಷ್ಟು ಅಂತ ಬರಹದಲ್ಲಿ ಕೇಳಿಟ್ಟುಕೊಂಡೆ. ಅದರ ಡಬ್ಬ ಈಗ ಮಂಚದ ಕೆಳಗಿದೆ, ಒಳಗೆ ಎರಡೂ ಥರ್ಮಾಕೋಲ್ ಹಾಗೇ ಇವೆ. ರಿಟರ್ನ್ ಗಡುವಿನ ತಾರೀಕನ್ನು ಮಾರ್ಕರ್‌ನಿಂದ ಮೇಲೆ ದೊಡ್ಡದಾಗಿ ಬರೆದಿದ್ದೆ. ಆ ತಾರೀಕು ಕಳೆದು ಎಷ್ಟೋ ತಿಂಗಳಾಯಿತು. ಇನ್ನೂ ಯಾಕೆ ಇಟ್ಟುಕೊಂಡಿದ್ದೀಯ ಅಂತ ಮನೆಯವರು ಗುಡಿಸುವಾಗೆಲ್ಲ ಕೇಳುತ್ತಾರೆ. ವಾರಂಟಿ ಇದೆಯಲ್ಲ, ಅದಕ್ಕೂ ಇದೇ ಡಬ್ಬ ಬೇಕು ಅನ್ನುತ್ತೇನೆ.