ಊರಿನ ಅಂಗಡಿಯಲ್ಲಿ ಒಡವೆ ಕೊಳ್ಳುವುದು ಹೇಗೆ?

ತಂಗಿಯ ಮದುವೆಗೆಂದು ಅಮ್ಮ ತನ್ನ ನಾಲ್ಕು ಬಳೆಗಳನ್ನು ಕರಗಿಸಲು ಕೊಟ್ಟಾಗ 32 ಗ್ರಾಂ ಇದ್ದ ಒಡವೆ 26 ಗ್ರಾಂಗೆ ಇಳಿಯಿತು. ಕರಗಿಸಿದವರು ಕದ್ದಿರಲಿಲ್ಲ, ನಾವು ಎದುರಿಗೇ ನಿಂತಿದ್ದೆವು. ಬಳೆಯ ಒಳಗೆ ಅರಗು ತುಂಬಿತ್ತು. ಮೂವತ್ತು ವರ್ಷಗಳ ಹಿಂದೆ ಕೊಂಡ ದಿನ ಆ ಅರಗನ್ನೂ ಚಿನ್ನದ ಬೆಲೆಗೇ ತೂಗಿದ್ದರು. ಅಮ್ಮ ಜೋಪಾನವಾಗಿಟ್ಟಿದ್ದ ಚೀಟಿಯಲ್ಲಿ ‘ಬಳೆ 4, 32 ಗ್ರಾಂ’ ಎಂದಷ್ಟೇ ಇತ್ತು. ಕೇಳೋಣವೆಂದರೆ ಆ ಅಂಗಡಿ ಎಂದೋ ಮುಚ್ಚಿತ್ತು.

ಇಷ್ಟಾದರೂ ನಾನು ಒಡವೆ ಕೊಳ್ಳುವುದು ನಮ್ಮ ಪೇಟೆ ಬೀದಿಯ ಚಿನ್ನದಂಗಡಿಯಲ್ಲೇ. ಅಲ್ಲಿ ಮಾಲೀಕರೇ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುತ್ತಾರೆ, ಮಜೂರಿಯ ಮಾತನ್ನು ನೇರವಾಗಿ ಆಡಬಹುದು. ಓಲೆಯ ತಿರುಪು ಸಡಿಲವಾದರೆ ಸಂಜೆಯೊಳಗೆ ಸರಿಮಾಡಿ ಕೊಡುತ್ತಾರೆ. ಅಜ್ಜಿಯ ಅವಲಕ್ಕಿ ಸರದಂಥದ್ದೇ ಬೇಕೆಂದರೆ ಅಚ್ಚು ನೋಡಿ ಮಾಡಿಸಿಕೊಡುವ ಅಕ್ಕಸಾಲಿಗರು ಅವರ ಪರಿಚಯದಲ್ಲಿರುತ್ತಾರೆ. ಈ ನಂಟು ಉಳಿಯಬೇಕು ಎಂಬುದು ನನ್ನ ಆಸೆ. ಆದರೆ ನಂಟಿದೆ ಎಂದು ಲೆಕ್ಕವನ್ನು ಬಾಯಿಮಾತಿಗೆ ಬಿಡಬಾರದು. ಲೆಕ್ಕ ಕೇಳಿದರೆ ಒಳ್ಳೆಯ ವ್ಯಾಪಾರಿ ಬೇಸರಪಡುವುದಿಲ್ಲ.

ಹೊರಡುವ ಮುನ್ನ

ಅಂದಿನ ದರವನ್ನು ಮನೆಯಲ್ಲೇ ನೋಡಿಕೊಳ್ಳಿ. 24 ಕ್ಯಾರೆಟ್, 22 ಕ್ಯಾರೆಟ್ ಎರಡನ್ನೂ ಬರೆದುಕೊಳ್ಳಿ. ಒಡವೆ ಹೆಚ್ಚಾಗಿ 22ರದ್ದು, ಹರಳು ಕೂರಿಸಿದ್ದು ಕೆಲವೊಮ್ಮೆ 18ರದ್ದು. 22 ಕ್ಯಾರೆಟ್ ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ, 18 ಎಂದರೆ 750 ಪಾಲು. 18 ಕ್ಯಾರೆಟ್ ಉಂಗುರಕ್ಕೆ 22ರ ದರ ಹಾಕಿದ್ದಾರೆಯೇ ಎಂದು ನೋಡಲು ಈ ಎರಡು ಸಂಖ್ಯೆಗಳು ಸಾಕು.

ಮಾತುಕತೆಯನ್ನು ಗ್ರಾಂನಲ್ಲೇ ನಡೆಸಿ. ಕರಾವಳಿಯಲ್ಲಿ ಪವನ್ ಎಂದರೆ 8 ಗ್ರಾಂ ಎಂಬುದು ಎಲ್ಲರಿಗೂ ಗೊತ್ತು. ತೊಲದ ಮಾತಿನಲ್ಲಿ ಮಾತ್ರ ಗೊಂದಲವಿದೆ: ಹಳೆಯ ತೊಲ 11.66 ಗ್ರಾಂ, ಈಗ ಹಲವರು 10 ಗ್ರಾಂಗೇ ತೊಲ ಎನ್ನುತ್ತಾರೆ.

ಅಕ್ಷಯ ತದಿಗೆಯ ದಿನ ಹೋಗಬೇಡಿ ಎಂದರೆ ಮನೆಯ ಹಿರಿಯರಿಗೆ ಬೇಸರವಾಗಬಹುದು. ಹಾಗಿದ್ದರೆ ಆ ದಿನ ಒಂದು ಸಣ್ಣ ನಾಣ್ಯ ಕೊಳ್ಳಿ. ಸರ, ಬಳೆಗಳನ್ನು ವಾರದ ನಡುವಿನ ಒಂದು ಬೆಳಿಗ್ಗೆ, ಅಂಗಡಿಯಲ್ಲಿ ಜನ ಕಡಿಮೆ ಇರುವಾಗ ನೋಡಿ. ಗದ್ದಲದಲ್ಲಿ ತಕ್ಕಡಿ ನೋಡಲೂ ಆಗುವುದಿಲ್ಲ, ಪ್ರಶ್ನೆ ಕೇಳಲೂ ಆಗುವುದಿಲ್ಲ.

ಮೂರು ಗುರುತುಗಳನ್ನು ನೋಡಿ

ಚಿನ್ನದ ಶುದ್ಧತೆ ಪರೀಕ್ಷಿಸಿ ಹಾಕುವ ಹಾಲ್‌ಮಾರ್ಕ್ ಮುದ್ರೆ 2021ರ ಜೂನ್‌ನಿಂದ ಹಂತ ಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಗುತ್ತ ಬಂದಿದೆ. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆಯಾದ ಗುರುತಿನ ಸಂಖ್ಯೆ) ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಹೀಗಾಗಿ ಹೊಸ ಒಡವೆಯ ಮೇಲೆ ಮೂರು ಗುರುತುಗಳಿರಬೇಕು: ತ್ರಿಕೋನದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಚಿಹ್ನೆ, 22ಕೆ916 ಎಂಬಂಥ ಶುದ್ಧತೆಯ ಅಂಕಿ, ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನಗಳ ಎಚ್‌ಯುಐಡಿ.

ಗುರುತು ಬರಿಗಣ್ಣಿಗೆ ಕಾಣುವುದು ಕಷ್ಟ. ಬಿಐಎಸ್ ನೋಂದಣಿ ಇರುವ ಅಂಗಡಿಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಟ್ಟಿರಲೇಬೇಕು, ಕೇಳಿ ಪಡೆಯಿರಿ. ನಂತರ ಮೊಬೈಲ್‌ನಲ್ಲಿ ‘ಬಿಐಎಸ್ ಕೇರ್’ ಆ್ಯಪ್ ತೆರೆದು ಆ ಆರು ಅಕ್ಷರಗಳನ್ನು ತುಂಬಿ. ಶುದ್ಧತೆ, ಹಾಲ್‌ಮಾರ್ಕ್ ಹಾಕಿದ ಕೇಂದ್ರ, ಒಡವೆ ಯಾವ ಬಗೆಯದು ಎಂಬುದೆಲ್ಲ ಕಾಣುತ್ತದೆ. ಬಹಳ ಜನ ಶುದ್ಧತೆ ನೋಡಿ ನಿಲ್ಲಿಸುತ್ತಾರೆ. ಒಡವೆಯ ಬಗೆಯನ್ನೂ ನೋಡಿ. ಆ್ಯಪ್‌ನಲ್ಲಿ ಉಂಗುರ ಎಂದಿದ್ದು ನಿಮ್ಮ ಕೈಯಲ್ಲಿ ಸರ ಇದ್ದರೆ ಆ ಸಂಖ್ಯೆ ಬೇರೆಲ್ಲಿಂದಲೋ ಬಂದದ್ದು.

ವಿನಾಯಿತಿಗಳೂ ಇವೆ. 2 ಗ್ರಾಂಗಿಂತ ಕಡಿಮೆ ತೂಕದ ಮೂಗುತಿಯಂಥ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸಣ್ಣ ವ್ಯಾಪಾರಿಗೂ ಅಲ್ಲ. ನಿಮ್ಮ ಬೀದಿಯ ಅಕ್ಕಸಾಲಿಗರು ಈ ಗುಂಪಿನವರಾಗಿದ್ದರೆ ಅವರು ಮೋಸಗಾರರೆಂದು ಅರ್ಥವಲ್ಲ. ಪೂರ್ತಿ ಹಣ ಕೊಡುವ ಮೊದಲು ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಒಡವೆ ಪರೀಕ್ಷಿಸಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿ. ಗ್ರಾಹಕರು ಯಾರು ಬೇಕಾದರೂ ಹೀಗೆ ಪರೀಕ್ಷಿಸಿಕೊಳ್ಳಬಹುದು; 2022ರಲ್ಲಿ ನಿಗದಿಯಾದ ದರ ನಾಲ್ಕು ಒಡವೆಗಳವರೆಗೆ 200 ರೂಪಾಯಿ.

ಇನ್ನು ‘ಇದು ಕೆಡಿಎಂ ಚಿನ್ನ’ ಎಂಬ ಮಾತು. ಅದು ಬೆಸುಗೆಗೆ ಕ್ಯಾಡ್ಮಿಯಂ ಬಳಸಿದ್ದನ್ನು ಹೇಳುತ್ತದೆಯೇ ಹೊರತು ಶುದ್ಧತೆಯ ಖಾತರಿಯನ್ನಲ್ಲ. ಆ ಲೋಹದ ಹೊಗೆ ಬೆಸುಗೆ ಹಾಕುವ ಕೆಲಸಗಾರರ ಶ್ವಾಸಕೋಶವನ್ನು ಹಾಳುಮಾಡುತ್ತದೆ. ಹಾಗಾಗಿ ಆ ಹೆಸರನ್ನು ಹೆಗ್ಗಳಿಕೆಯಾಗಿ ಹೇಳುವ ಅಂಗಡಿಯಿಂದ ನಾನು ಎದ್ದು ಬರುತ್ತೇನೆ.

ತೂಕ: ಒಂದಲ್ಲ, ಮೂರು

ನಮ್ಮ ಮನೆಯವರು ಸೋತದ್ದು ಇಲ್ಲಿ. ‘ಒಟ್ಟು ತೂಕ ಎಷ್ಟು, ಹರಳು ಅರಗು ಎಷ್ಟು, ಬರೀ ಚಿನ್ನ ಎಷ್ಟು? ಮೂರನ್ನೂ ಬೇರೆ ಬೇರೆ ಬರೆಯಿರಿ’ ಎಂದು ಕೇಳಿ. 24.600 ಗ್ರಾಂ ತೂಗುವ ಹಾರದಲ್ಲಿ 2.400 ಗ್ರಾಂ ಹರಳಿದ್ದರೆ ಚಿನ್ನ 22.200 ಗ್ರಾಂ ಮಾತ್ರ. ಲೆಕ್ಕ ಸುಲಭವಾಗಲೆಂದು ಗ್ರಾಂಗೆ 10,000 ರೂಪಾಯಿ ಇಟ್ಟುಕೊಳ್ಳೋಣ. ಕೇಳದೆ ಬಂದರೆ ಗಾಜಿನ ಹರಳಿಗೆ 24,000 ರೂಪಾಯಿ ತೆತ್ತಂತಾಯಿತು. ಎಷ್ಟೋ ಬಾರಿ ಅದೇ ಬಿಲ್‌ನಲ್ಲಿ ಹರಳಿನ ಬೆಲೆ ಎಂದು ಮತ್ತೊಂದು ಸಾಲೂ ಇರುತ್ತದೆ.

ಟೊಳ್ಳಾಗಿ ಮಾಡಿ ಅರಗು ತುಂಬುವುದು ಹಳೆಯ ಕಸುಬು. ಕೊಡವರ ಜೋಮಾಲೆಯ ಗುಂಡುಗಳೇ ಹಾಗೆ. ಅರಗಿಲ್ಲದಿದ್ದರೆ ಅಷ್ಟು ತೆಳು ತಗಡು ನುಗ್ಗಾಗಿ ಹೋಗುತ್ತದೆ. ಅರಗು ಇರುವುದರಲ್ಲಿ ತಪ್ಪಿಲ್ಲ. ಅದನ್ನು ಚಿನ್ನದ ತೂಕಕ್ಕೆ ಸೇರಿಸುವುದು ತಪ್ಪು.

ತಕ್ಕಡಿ ಗ್ರಾಂನ ಮೂರನೆಯ ದಶಾಂಶದವರೆಗೆ ತೋರಿಸಬೇಕು. ಒಡವೆ ಇಡುವ ಮೊದಲು ಸೊನ್ನೆ ತೋರಿಸುತ್ತಿದೆಯೇ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡಿ. ತೂಗುವಾಗ ಫ್ಯಾನಿನ ಗಾಳಿ ತಾಗದಂತೆ ಮುಚ್ಚಳ ಹಾಕಿಸಿ. ಒಡವೆಗೆ ಕಟ್ಟಿದ ಚೀಟಿ, ದಾರ ಎಲ್ಲವನ್ನೂ ತೆಗೆಸಿ.

ಮಜೂರಿ ಮತ್ತು ವೇಸ್ಟೇಜ್

ಚಿನ್ನದ ದರ ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಇಲ್ಲಿ, ಚೌಕಾಸಿಗೆ ಜಾಗವಿರುವುದೂ ಇಲ್ಲೇ. ಒಬ್ಬರು ವೇಸ್ಟೇಜ್ (ಕೆಲಸದಲ್ಲಿ ಸವೆದುಹೋಗುವ ಚಿನ್ನದ ಲೆಕ್ಕ) ಎನ್ನುತ್ತಾರೆ, ಇನ್ನೊಬ್ಬರು ಮಜೂರಿ ಎನ್ನುತ್ತಾರೆ, ಕೆಲವರು ಎರಡನ್ನೂ ಹಾಕುತ್ತಾರೆ. ಹೆಸರು ಏನೇ ಇರಲಿ, ಎಲ್ಲವನ್ನೂ ರೂಪಾಯಿಗೆ ಇಳಿಸಿ ಕೂಡಿಸಿ.

20 ಗ್ರಾಂ ಸರ, ಗ್ರಾಂಗೆ ಅದೇ 10,000. ಮೊದಲ ಅಂಗಡಿ ಶೇ 6 ವೇಸ್ಟೇಜ್ ಜೊತೆಗೆ ಗ್ರಾಂಗೆ 450 ರೂಪಾಯಿ ಮಜೂರಿ ಹೇಳುತ್ತದೆ. ವೇಸ್ಟೇಜ್ 1.2 ಗ್ರಾಂ, ಅಂದರೆ 12,000, ಮಜೂರಿ 9,000, ಒಟ್ಟು 21,000. ಎರಡನೆಯ ಅಂಗಡಿ ‘ಮಜೂರಿ ಇಲ್ಲವೇ ಇಲ್ಲ, ಶೇ 12 ವೇಸ್ಟೇಜ್ ಮಾತ್ರ’ ಎನ್ನುತ್ತದೆ: 24,000. ಕಿವಿಗೆ ಹಿತವಾಗಿ ಕೇಳಿಸಿದ್ದೇ 3,000 ರೂಪಾಯಿ ದುಬಾರಿ. ಮೊದಲ ಅಂಗಡಿಯಲ್ಲೂ ಒಂದು ಮಾತು ಕೇಳಿ: ಮಜೂರಿ 20 ಗ್ರಾಂ ಮೇಲೋ, ವೇಸ್ಟೇಜ್ ಸೇರಿಸಿದ 21.2 ಗ್ರಾಂ ಮೇಲೋ? ಎರಡನೆಯದಾದರೆ 540 ರೂಪಾಯಿ ಹೆಚ್ಚಾಗುತ್ತದೆ.

ಶೇಕಡಾ ಲೆಕ್ಕಕ್ಕಿಂತ ಗ್ರಾಂಗೆ ಇಂತಿಷ್ಟು ಎಂಬ ಮಜೂರಿಯೇ ನ್ಯಾಯ ಎಂದು ನನಗನಿಸುತ್ತದೆ. ಚಿನ್ನದ ದರ ಏರಿದ ಮಾತ್ರಕ್ಕೆ ಸರ ಮಾಡುವ ಕೈಯ ಶ್ರಮ ಹೆಚ್ಚುವುದಿಲ್ಲ. ಯಂತ್ರದಲ್ಲಿ ಮಾಡಿದ ಸರಳ ಚೈನಿಗೆ ಗಟ್ಟಿಯಾಗಿ ಚೌಕಾಸಿ ಮಾಡಿ. ಕೈಕೆತ್ತನೆಯ ಜುಮುಕಿಗೆ, ಲಕ್ಷ್ಮಿ ಸರಕ್ಕೆ ಹಾಗೆ ಮಾಡಬೇಡಿ. ಅಲ್ಲಿ ಕಡಿಮೆಯಾಗುವ ಹಣ ಹೆಚ್ಚಾಗಿ ಅಕ್ಕಸಾಲಿಗರ ಕೂಲಿಯಿಂದಲೇ ಹೋಗುತ್ತದೆ.

ಕೊನೆಗೆ ಚಿನ್ನ ಮತ್ತು ಮಜೂರಿ ಸೇರಿದ ಮೊತ್ತದ ಮೇಲೆ ಶೇ 3 ಜಿಎಸ್‌ಟಿ. ನಮ್ಮ ಸರಕ್ಕೆ 2,21,000ದ ಮೇಲೆ 6,630 ರೂಪಾಯಿ. ಹಾಲ್‌ಮಾರ್ಕ್ ಶುಲ್ಕ 2022ರಲ್ಲಿ ನಿಗದಿಯಾದಂತೆ ಒಡವೆಗೆ 45 ರೂಪಾಯಿ ಮತ್ತು ತೆರಿಗೆ. ಒಡವೆ ಎಷ್ಟೇ ಭಾರವಿದ್ದರೂ ಅಷ್ಟೇ. ‘ಹಾಲ್‌ಮಾರ್ಕ್ ಖರ್ಚು’ ಎಂದು ಸಾವಿರಗಟ್ಟಲೆ ಬರೆದರೆ ಒಪ್ಪಬೇಡಿ.

ಹಳೆಯ ಒಡವೆ ಕೊಡುವಾಗ

ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಯನ್ನು ನೀವು ಅಂಗಡಿಗೆ ಮಾರುವುದಕ್ಕೆ ಅಡ್ಡಿಯಿಲ್ಲ. ಮೊದಲು ಮನೆಯಲ್ಲೇ ಫೋಟೊ ತೆಗೆದುಕೊಳ್ಳಿ. ಅಂಗಡಿಯಲ್ಲಿ ನಿಮ್ಮೆದುರೇ ತೂಗಿಸಿ, ಬರೆಸಿ, ಅದಾದ ಮೇಲೆ ಪರೀಕ್ಷೆ. ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರ್ ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ, ಒಳಗಿನ ಬೆಸುಗೆ ಅದಕ್ಕೆ ಕಾಣುವುದಿಲ್ಲ. ಭಾರದ ಒಡವೆಯಾದರೆ ಕರಗಿಸಿ ನೋಡುವುದೇ ಸರಿ. ಆದರೆ ಕರಗಿದ ಮೇಲೆ ‘ಬೇಡ’ ಎನ್ನುವ ದಾರಿ ಅರ್ಧ ಮುಚ್ಚಿದಂತೆ. ಬೆಲೆ ಒಪ್ಪಿಗೆಯಾಗದಿದ್ದರೆ ಗಟ್ಟಿಯನ್ನು ಹಿಂದಿರುಗಿಸುತ್ತೀರಾ, ಕರಗಿಸಿದ್ದಕ್ಕೆ ಎಷ್ಟು ಎಂದು ಮುಂಚೆಯೇ ಕೇಳಿ.

ಹಣ ಮತ್ತು ಬಿಲ್

2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ವ್ಯಾಪಾರಿ ನಗದಾಗಿ ಪಡೆಯುವಂತಿಲ್ಲ. 2 ಲಕ್ಷ ದಾಟಿದ ಖರೀದಿಗೆ ಪ್ಯಾನ್ ಸಂಖ್ಯೆ ಬೇಕು. ಅಂಗಡಿಯಲ್ಲಿ ತಿಂಗಳ ಕಂತಿನ ಚಿನ್ನದ ಚೀಟಿ ಕಟ್ಟುವವರು ಒಂದನ್ನು ನೆನಪಿಡಿ: ಕಂಪನಿ ಕಾಯ್ದೆಯ ನಿಯಮದಿಂದಾಗಿ ಆ ಯೋಜನೆಗಳು ಸಾಮಾನ್ಯವಾಗಿ 11 ತಿಂಗಳಿನವು, ಬ್ಯಾಂಕ್ ಠೇವಣಿಗಿರುವ ವಿಮೆ ಅವಕ್ಕಿಲ್ಲ.

‘ಬಿಲ್ ಇಲ್ಲದಿದ್ದರೆ ಜಿಎಸ್‌ಟಿ ಉಳಿಯುತ್ತದೆ’ ಎಂಬ ಮಾತಿಗೆ ಸೋಲಬೇಡಿ. ಒಡವೆಯ ವಿವರ, ಬರೀ ಚಿನ್ನದ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಇವು ಬಿಲ್‌ನಲ್ಲಿ ಇರಲೇಬೇಕು. ದರ, ಮಜೂರಿ, ಹರಳಿನ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಸಿ. ಶುದ್ಧತೆ ಕಡಿಮೆ ಎಂದು ಮುಂದೆ ಪರೀಕ್ಷೆಯಲ್ಲಿ ತೇಲಿದರೆ, ಬಿಐಎಸ್ ನಿಯಮದಂತೆ ಕಡಿಮೆಯಾದ ಚಿನ್ನದ ಬೆಲೆಯ ಎರಡರಷ್ಟು ಹಣ ಮತ್ತು ಪರೀಕ್ಷಾ ಶುಲ್ಕ ಸಿಗಬೇಕು. ಅದನ್ನು ಕೇಳಲು ಕೈಯಲ್ಲಿರುವ ಆಧಾರ ಆ ಬಿಲ್. ಅಂಗಡಿಯವರು ಒಪ್ಪದಿದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲೇ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಈಗಿನ ಅನೇಕ ಬಿಲ್‌ಗಳು ಶಾಖಕ್ಕೆ ಮೂಡುವ ಕಾಗದದ ಮೇಲಿರುತ್ತವೆ, ಕೆಲವೇ ವರ್ಷಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಮನೆಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ ಒಡವೆಯ ಪೆಟ್ಟಿಗೆಯಲ್ಲಿಡಿ, ಫೋಟೊವನ್ನು ಮನೆಯ ಇನ್ನೊಬ್ಬರ ಮೊಬೈಲ್‌ಗೂ ಕಳುಹಿಸಿ.