ಕಸಾಯಿಖಾನೆಯ ಕೆಲಸಗಾರರು ಮತ್ತು ಕಂದು ರೋಗ: ನನ್ನ ಅನುಭವ

ನಾನು ಪಶುವೈದ್ಯ. ತಾಲ್ಲೂಕು ಕೇಂದ್ರವೊಂದರ ಕಸಾಯಿಖಾನೆಯಲ್ಲಿ ಕುರಿ, ಮೇಕೆಗಳ ತಪಾಸಣೆ ಮಾಡುತ್ತಿದ್ದೆ. ಈ ಮಾಂಸ ತಿಂದರೆ ಏನಾದರೂ ಆಗುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಚೆನ್ನಾಗಿ ಬೇಯಿಸಿದರೆ ಕಂದು ರೋಗ (ಬ್ರುಸೆಲ್ಲೋಸಿಸ್) ತರುವ ಬ್ರುಸೆಲ್ಲಾ ರೋಗಾಣು ಸಾಯುತ್ತದೆ. ಅಪಾಯ ಇರುವುದು ಹಸಿಯಾಗಿದ್ದಾಗ ಕೊಯ್ಯುವವರಿಗೆ. ಅವರ ಬಗ್ಗೆ ಕೇಳಿದವರು ಬಹಳ ಕಡಿಮೆ.

ಅಲ್ಲಿ ಕೆಲವರಿಗೆ ಬಂದು ಹೋಗುವ ಜ್ವರ, ರಾತ್ರಿ ವಿಪರೀತ ಬೆವರು, ಸೊಂಟ ನೋವು. ಟೈಫಾಯ್ಡ್ ಇರಬೇಕು ಅಂತ ಮಾತ್ರೆ ನುಂಗುತ್ತಿದ್ದರು. ಆಡು ಕುರಿ ಕಂದು ಹಾಕುವ, ಅಂದರೆ ಅವಧಿಗೆ ಮೊದಲೇ ಗರ್ಭ ಬೀಳುವ ಈ ರೋಗವೇ ಮನುಷ್ಯರಿಗೂ ತಗಲುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ರೋಗಾಣು ಅತಿ ಜಾಸ್ತಿ ಇರುವುದು ಗರ್ಭಚೀಲ, ಮಾಸು ಮತ್ತು ಅದರ ನೀರಿನಲ್ಲಿ. ಗಬ್ಬದ ಪ್ರಾಣಿಯನ್ನು ಕಡಿಯಬಾರದು ಎಂದು 2001ರ ಕೇಂದ್ರ ನಿಯಮವೇ ಇದೆ. ಆದರೆ ಮೊದಲ ದಿನಗಳ ಗಬ್ಬ ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲಕ್ಕಿಂತ ಮೊದಲು ಇದನ್ನೇ ಹಿಡಿದೆ: ಗರ್ಭಚೀಲಕ್ಕೆ ಚಾಕು ಹಾಕಬಾರದು. ಬಾಯಿ ಕಟ್ಟಿ, ಇಡಿಯಾಗಿ ತೆಗೆದು, ಮುಚ್ಚಳವಿರುವ ಬೇರೆ ಡಬ್ಬಕ್ಕೆ ಹಾಕಬೇಕು.

ಗ್ಲೌಸ್ ವಿಷಯ ಸುಲಭವಾಗಿರಲಿಲ್ಲ. "ಸಾರ್, ಕೊಬ್ಬು ಹತ್ತಿದ್ರೆ ಚಾಕು ಜಾರುತ್ತೆ" ಅಂದರು. ಅವರು ಹೇಳಿದ್ದು ನಿಜ, ಜಾರಿದರೆ ಗಾಯ ಗ್ಯಾರಂಟಿ. ಆಗ ಚಾಕು ಹಿಡಿಯದ ಕೈಗೆ ಮೊದಲು ಹಾಕಿಸಿದೆ. ಹೊಟ್ಟೆಯೊಳಗೆ ಹೋಗುವುದೂ, ಚಾಕು ತಾಗುವುದೂ ಹೆಚ್ಚಾಗಿ ಆ ಕೈಗೇ ಅಲ್ವಾ? ಇದಕ್ಕೆ ಎಲ್ಲರೂ ಒಪ್ಪಿದರು. ಎರಡೂ ಕೈ ಬೇಕಾದಾಗ ಚಾಕುವನ್ನು ಹಲ್ಲಲ್ಲಿ ಕಚ್ಚಿಕೊಳ್ಳುವ ಅಭ್ಯಾಸವೂ ಇತ್ತು. ಸೊಂಟಕ್ಕೆ ಕಟ್ಟುವ ಒರೆ ಕೊಡಿಸಿದ ಮೇಲೆ ಅದು ತಾನಾಗಿಯೇ ನಿಂತಿತು. ಸುಮ್ನೆ ಬುದ್ಧಿ ಹೇಳಿದ್ದರೆ ನಿಲ್ಲುತ್ತಿರಲಿಲ್ಲ.

ನೆಲ ತೊಳೆಯುವಾಗ ಪೈಪಿನ ನೀರು ಜೋರಾಗಿ ಬಿಟ್ಟರೆ ಸಣ್ಣ ಹನಿಗಳು ಕಣ್ಣು, ಮೂಗಿಗೆ ಸಿಡಿಯುತ್ತವೆ. ಮೊದಲು ಕೆರೆದು ತೆಗೆಯಿರಿ, ಆಮೇಲೆ ನಿಧಾನವಾಗಿ ನೀರು ಬಿಡಿ ಎಂದೆ. ಕೈಯಲ್ಲಿ ಗಾಯ ಇದ್ದವರು ನೀರು ಹೋಗದ ಪಟ್ಟಿ ಸುತ್ತಿಕೊಂಡೇ ಒಳಗೆ ಬರಬೇಕಿತ್ತು.

ಇನ್ನು, ಇದ್ದಕ್ಕಿದ್ದಂತೆ ಸತ್ತು ಮೂಗು, ಗುದದಿಂದ ಕಪ್ಪು ರಕ್ತ ಸುರಿದ ಪ್ರಾಣಿಯನ್ನು ಯಾರೂ ಕೊಯ್ಯುವಂತಿಲ್ಲ. ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಕೊಯ್ದರೆ ಗಾಳಿ ತಗುಲಿ ರೋಗಾಣು ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ, ವರ್ಷಗಟ್ಟಲೆ ಮಣ್ಣಲ್ಲಿ ಉಳಿಯುತ್ತದೆ.

ಜ್ವರ ಇದ್ದವರನ್ನು ಆಸ್ಪತ್ರೆಗೆ ಕಳಿಸುವಾಗ ಒಂದು ಚೀಟಿ ಬರೆದುಕೊಡುತ್ತಿದ್ದೆ: "ಇವರು ಕುರಿ ಕೊಯ್ಯುವ ಕೆಲಸದವರು, ಬ್ರುಸೆಲ್ಲೋಸಿಸ್ ಪರೀಕ್ಷೆ ಮಾಡಿ." ಕೆಲಸ ಏನೆಂದು ಗೊತ್ತಾಗದೆ ಡಾಕ್ಟರಿಗೆ ಈ ಅನುಮಾನ ಬರುವುದು ಕಷ್ಟ. ರೋಗ ಇದೆ ಎಂದು ಗೊತ್ತಾದವರಿಗೆ ಡಾಕ್ಸಿಸೈಕ್ಲಿನ್, ಜೊತೆಗೆ ಇನ್ನೊಂದು ಔಷಧ, ಸಾಮಾನ್ಯವಾಗಿ 6 ವಾರ. ಜ್ವರ ಬೇಗ ಇಳಿಯುತ್ತದೆ, ಮಾತ್ರೆ ಬಿಟ್ಟುಬಿಡುತ್ತಾರೆ, ರೋಗ ಮರುಕಳಿಸುತ್ತದೆ. ಅದಕ್ಕೇ ತಪಾಸಣೆಗೆ ಹೋದಾಗಲೆಲ್ಲ ಖಾಲಿಯಾದ ಮಾತ್ರೆ ಪಟ್ಟಿ ತೋರಿಸಿ ಎಂದು ಕೇಳುತ್ತಿದ್ದೆ. ಮನೆಯಲ್ಲಿ ತಲೆಕಾಲು, ಬೋಟಿ ತೊಳೆಯುವ ಹೆಂಗಸರಿಗೆ ಜ್ವರ ಇದೆಯಾ ಎಂದೂ ವಿಚಾರಿಸುತ್ತಿದ್ದೆ.